ಏಳು ದೇಶಗಳ ಕೀಲಿ, ಮಾಳಪ್ಪನ ಕುರಿ

ಯುರೋಪಿನ ಏಳು ದೇಶಗಳು ತಮ್ಮ ರಕ್ಷಣೆಗಾಗಿ ಆಕಾಶದಲ್ಲಿ ಒಂದು ಕಣ್ಣನ್ನು ಇಟ್ಟಿವೆ. ಆ ಕಣ್ಣು ಕಂಡದ್ದನ್ನು ಕೆಳಗಿಳಿಸಿಕೊಳ್ಳುವ ಛತ್ರಿ ಬಾಗಲಕೋಟೆ ತಾಲೂಕಿನ ಬೇವೂರಿನ ಹೊರಗೆ, ಮಾಳಪ್ಪನ ಕುರಿಗಳು ಮೇಯುತ್ತಿದ್ದ ದಿನ್ನೆಯ ಮೇಲೆ ಇದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಭೂಮಿ ಗುಂಡಗಿದೆ. ಗುಂಡಗಿರುವುದರಿಂದ ಈ ಕಡೆಯ ಸಮುದ್ರದ ಮೇಲೆ ನಿಂತ ಕಣ್ಣು ಆ ಕಡೆಯವರಿಗೆ ಸಿಗುವುದಿಲ್ಲ. ಸಿಗದಿದ್ದಾಗ ಅದರ ಮಾತು ಕೇಳಿಸಿಕೊಳ್ಳಲು ಈ ಕಡೆ ಒಂದು ಛತ್ರಿ ಬೇಕು. ಛತ್ರಿ ಎಂದರೆ ಮಳೆಗೆ ಹಿಡಿಯುವುದಲ್ಲ. ಟಿ.ವಿ.ಗೆಂದು ಮಾಳಿಗೆಯ ಮೇಲೆ ಇಡುತ್ತಾರಲ್ಲ, ಅಂಥದ್ದು. ಆದರೆ ಮಾಳಿಗೆಗಿಂತ ದೊಡ್ಡದು.

ಆ ಏಳು ದೇಶಗಳ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಬರೆದರೆ ಯಾವುದನ್ನು ಮೊದಲು ಬರೆಯಬೇಕೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯ ಮೇಲೆ ಅವರೇ ಎರಡು ವರ್ಷ ಸಭೆ ನಡೆಸಿ, ಕೊನೆಗೆ ಹೆಸರಿನ ಬದಲು ಬಣ್ಣಗಳನ್ನು ಹಂಚಿಕೊಂಡಿದ್ದಾರೆ: ಕೆಂಪು, ನೀಲಿ, ಹಸಿರು, ಹಳದಿ, ಬಿಳಿ, ಕಪ್ಪು, ಬೂದಿ. ಬೂದಿ ಬಣ್ಣ ಬಂದ ದೇಶ ಇವತ್ತಿಗೂ ಮುನಿಸಿಕೊಂಡಿದೆ.

ಕಣ್ಣು ಏಳೂ ದೇಶಗಳಿಗೆ ಸೇರಿದ್ದಾದ್ದರಿಂದ ಏಳೂ ಒಪ್ಪಿದರೆ ಮಾತ್ರ ಅದನ್ನು ಹೊರಳಿಸಬಹುದು. ಇದಕ್ಕೆ ಜಂಟಿ ನಿಯಂತ್ರಣ ಎನ್ನುತ್ತಾರೆ. ಆದರೆ ಒಂದು ದೇಶ 'ಆ ಕಡೆ ಸ್ವಲ್ಪ ನೋಡೋಣ' ಎಂದರೆ, ಅದಕ್ಕೆ ಯಾವ ಕಡೆಯ ಚಿಂತೆ ಇದೆ ಎಂಬುದು ಉಳಿದ ಆರಕ್ಕೂ ತಿಳಿದುಬಿಡುತ್ತದೆ. ಹೀಗಾಗಿ ಯಾರೂ ಕೇಳಿಲ್ಲ. ಜಂಟಿ ಕಣ್ಣು ಮೇಲೆ ಹೋದ ದಿನ ಸಮುದ್ರದ ಯಾವ ಭಾಗವನ್ನು ನೋಡುತ್ತಿತ್ತೋ ಈಗಲೂ ಅದನ್ನೇ ನೋಡುತ್ತಿದೆ, ಮತ್ತು ಅಲ್ಲಿ ಇದುವರೆಗೆ ಶತ್ರುಗಳು ಕಂಡುಬಂದಿಲ್ಲ. ಈ ನಡುವೆ ಪ್ರತಿಯೊಂದು ದೇಶವೂ ಉಳಿದವರಿಗೆ ಹೇಳದೆ ತನ್ನದೇ ಒಂದು ಸಣ್ಣ ಕಣ್ಣನ್ನು ಮೇಲೆ ಕಳಿಸಿದೆ. ಇದಕ್ಕೆ ರಾಷ್ಟ್ರೀಯ ನಿಯಂತ್ರಣ ಎನ್ನುತ್ತಾರೆ. ಎರಡೂ ಇರುವುದರಿಂದ ರಕ್ಷಣೆ ಎರಡು ಪಟ್ಟಾಗಿದೆ.

ಈಗ ಮಾಳಪ್ಪನ ವಿಷಯ. ಮಾಳಪ್ಪ ಐವತ್ತೆರಡು ವರ್ಷದವನು, ಬೀರಪ್ಪ ದೇವರ ಒಕ್ಕಲು. ಅವನ ಹಿಂಡಿನಲ್ಲಿ ಅರವತ್ಮೂರು ಕುರಿಗಳಿದ್ದವು. ಎಲ್ಲವೂ ಅವನವಲ್ಲ. ನಾಲ್ಕು ಮನೆಯವರು ತಮ್ಮ ಕುರಿಗಳನ್ನು ಒಂದೇ ಹಿಂಡು ಮಾಡಿ ಅವನ ಕೈಗೆ ಕೊಟ್ಟಿದ್ದರು. ಯಾರ ಕುರಿ ಯಾವುದೆಂದು ಕಿವಿಯ ಕತ್ತರಿ ಗುರುತು ಹೇಳುತ್ತಿತ್ತು. ದಾನಮ್ಮನವು ಎಡಗಿವಿಯ ತುದಿ ಕತ್ತರಿಸಿದವು, ರಂಗವ್ವನವು ಬಲಗಿವಿ ಸೀಳಿದವು, ಹೀಗೆ. ದಿನಾ ಸಂಜೆ ಮಾಳಪ್ಪ ನಾಲ್ಕೂ ಮನೆಯ ಮುಂದೆ ನಿಂತು "ಎಲ್ಲಾ ಅದಾವು" ಎಂದು ಹೇಳಿ ಹೋಗುತ್ತಿದ್ದ. ಇಪ್ಪತ್ತಾರು ವರ್ಷ ಹೇಳಿದ್ದ, ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಅವನಿಗೆ ಇದ್ದ ಆಸ್ತಿ ಎಂದರೆ ಆ ಮಾತೇ.

ಛತ್ರಿಯ ಸುತ್ತ ಒಂಬತ್ತು ಅಡಿ ಎತ್ತರದ ತಂತಿಬೇಲಿ ಹಾಕಿದ್ದರು. ಒಳಗೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಹುಲ್ಲು ಕತ್ತರಿಸಲು ಯಂತ್ರ ಬೇಕು. ಯಾವ ದೇಶದ ಯಂತ್ರ ಎಂಬುದು ಮೂರು ಸಭೆಗಳಲ್ಲಿ ಇತ್ಯರ್ಥವಾಗಲಿಲ್ಲ. ಅಷ್ಟರಲ್ಲಿ ಉದ್ಘಾಟನೆ ಬಂತು. ಛತ್ರಿ ಕೇಂದ್ರದ ಮೇಲ್ವಿಚಾರಕ ಇಳಕಲ್ಲಿನ ಮತೀನ ಎಂಬವನು, ಮೂವತ್ತರ ಆಸುಪಾಸಿನ ಹುಡುಗ, ಹಿಂದಿನ ದಿನ ಮಾಳಪ್ಪನ ಹಟ್ಟಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಕಾಕಾ, ನಾಳೆ ಮುಂಜಾನಿ ಒಂದೆರಡ ತಾಸು ನಿಮ್ಮ ಕುರಿ ಒಳಗ ಬಿಡ್ರಿ. ಫೋಟೋದಾಗ ಹುಲ್ಲ ಕಾಣಬಾರ್ದು."

"ಏಳು ದೇಶದ ಸಾಹೇಬ್ರು ಬೈದ್ರ?"

"ಕುರಿಗೆ ಯಾವ ದೇಶ ಐತ್ರಿ ಕಾಕಾ. ಅದಕ್ಕ ಕುರಿ ಛಲೋ."

ಮರುದಿನ ಏಳೂ ದೇಶಗಳ ಪ್ರತಿನಿಧಿಗಳು ಬಂದರು. ಕುರಿಗಳು ಬೆಳಗಿನಿಂದ ಮೇಯುತ್ತಾ ಛತ್ರಿಯ ಹಿಂಭಾಗಕ್ಕೆ ಹೋಗಿದ್ದವು, ಕಾಣುತ್ತಿರಲಿಲ್ಲ. ಬೇಲಿಯ ಹೊರಗೆ ಶಾಮಿಯಾನದಲ್ಲಿ ಲಾಡು ಹಂಚುತ್ತಿದ್ದರೆಂದು ಮಾಳಪ್ಪ ಹೊರಗೆ ಬಂದ. ಇದು ತಪ್ಪೇ? ತಪ್ಪಲ್ಲ. ಆದರೆ ಸಮಾರಂಭ ನಾಲ್ಕೇ ನಿಮಿಷದಲ್ಲಿ ಮುಗಿಯಿತು, ಯಾಕೆಂದರೆ ಅತಿಥಿಗಳು ಹೊತ್ತು ಮುಳುಗುವ ಮೊದಲು ಪಟ್ಟದಕಲ್ಲು ಮತ್ತು ಬಾದಾಮಿ ಎರಡನ್ನೂ ನೋಡಬೇಕಿತ್ತು. ಏಳು ಜನ ದ್ವಾರಕ್ಕೆ ಒಂದೇ ಸರಪಳಿ ಸುತ್ತಿ, ಯಾರ ಕೀಲಿಯೂ ಯಾರದಕ್ಕಿಂತ ತಡವಾಗಬಾರದೆಂದು ಒಂದು-ಎರಡು-ಮೂರು ಎಣಿಸಿ, ಏಳು ಬಣ್ಣದ ಕೀಲಿಗಳನ್ನು ಒಮ್ಮೆಗೇ ಜಡಿದರು. ಕೀಲಿ ಎಂದರೆ ಬೀಗ. ಅದನ್ನು ತೆರೆಯುವ ಚಾವಿಗಳನ್ನು ಅವರವರ ಜೇಬಿನಲ್ಲಿ ಇಟ್ಟುಕೊಂಡು ಕಾರು ಹತ್ತಿ ಹೋದರು.

ಮಾಳಪ್ಪನ ಬಾಯಲ್ಲಿ ಅರ್ಧ ಲಾಡು ಇತ್ತು.

"ಮತೀನಾ! ಕುರಿ ಒಳಗ ಅದಾವಲ್ಲೋ!"

ಮತೀನ ಬೇಲಿಯ ಕಡೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಅಂದ, "ನನ್ನ ಆಫೀಸೂ ಒಳಗ ಐತ್ರಿ ಕಾಕಾ."

ಪ್ರತಿನಿಧಿಗಳು ಬಾದಾಮಿಯಿಂದ ಹಾಗೆಯೇ ಗೋವಾಕ್ಕೆ ಹೋಗಿ ವಿಮಾನ ಹತ್ತಿದರು. ಏಳು ವಿಮಾನ. ಮಾಳಪ್ಪ ಅಂದೇ ಮಧ್ಯಾಹ್ನ ಮನೆಯಿಂದ ತಂತಿ ಕತ್ತರಿಸುವ ಇಕ್ಕಳ ತಂದ. ಮತೀನ ಅವನ ಕೈ ಹಿಡಿದು ಬೇಲಿಯ ಮೇಲಿದ್ದ ಫಲಕವನ್ನು ಓದಿ ಹೇಳಿದ:

'ನಿಯಮ ಐದು. ಈ ಬೇಲಿಗೆ ಹೊರಗಿನವರು ಮಾಡುವ ಯಾವುದೇ ಹಾನಿಯನ್ನು ಏಳೂ ದೇಶಗಳ ಮೇಲೆ ನಡೆದ ದಾಳಿಯೆಂದು ಪರಿಗಣಿಸಲಾಗುವುದು ಮತ್ತು ಏಳೂ ದೇಶಗಳು ಒಟ್ಟಾಗಿ ಉತ್ತರಿಸತಕ್ಕದ್ದು.'

ಮಾಳಪ್ಪ ಇಕ್ಕಳವನ್ನು ಬಿಡಲಿಲ್ಲ. "ಹಂಗಾರ ಕತ್ತರಸೂಣಲ್ಲ. ಎಲ್ಲಾರೂ ಒಟ್ಟಿಗೆ ಬರ್ತಾರ. ಬರೂ ಮುಂದ ಚಾವಿ ತರ್ತಾರ."

"ಒಟ್ಟಿಗೆ ಬರ್ಬೇಕಂದ್ರ ಯಾರ ವಿಮಾನದಾಗ ಬರೂದು ಅನ್ನೂದು ಮೊದಲ ಠರಾವು ಆಗ್ಬೇಕ್ರಿ ಕಾಕಾ. ನಾಕ ವರ್ಷ ಹೋಗ್ತಾವು."

ಸಂಜೆ ಮಾಳಪ್ಪ ನಾಲ್ಕು ಮನೆಯ ಮುಂದೆ ನಿಂತು "ಎಲ್ಲಾ ಅದಾವು" ಎಂದ. ಇದು ಸುಳ್ಳಲ್ಲ; ಇದ್ದವು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವನ ಹೆಂಡತಿ ಪದ್ಮವ್ವ ಮಾತ್ರ ಕೇಳಿದಳು.

"ಕುರಿ ಬಿಟ್ಟು ಲಾಡು ತಿನ್ನಾಕ ಹೋಗಿದ್ರೇನು? ಎಷ್ಟ ತಿಂದ್ರಿ?"

"ಅರ್ಧ."

"ಅರ್ಧ ಲಾಡಿಗೆ ಅರವತ್ಮೂರ ಕುರಿ. ಪೂರಾ ತಿಂದಿದ್ರ ನನ್ನೂ ಒಳಗ ಹಾಕಿ ಬರ್ತಿದ್ರಿ."

ಹೀಗೆ ಬೈದಳಾದರೂ ನೀರಿನ ದಾರಿ ಹುಡುಕಿದವಳು ಅವಳೇ. ತಂತಿಯ ಕಣ್ಣೊಳಗೆ ರಬ್ಬರಿನ ಪೈಪು ತೂರಿಸಿ, ಒಳಗಿದ್ದ ತಗ್ಗಿಗೆ ನೀರು ಬಿಟ್ಟಳು. ಮತೀನ ನಿಯಮ ಪುಸ್ತಕ ತಿರುವಿ, ವಸ್ತುಗಳನ್ನು ಒಳಗೆ ಒಯ್ಯಬಾರದೆಂದಿದೆಯೇ ಹೊರತು ಹರಿಯುವುದರ ಬಗ್ಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡ. ನೀರಿನ ಚಿಂತೆ ಹೋಯಿತು. ಹುಲ್ಲಿನದು ಉಳಿಯಿತು. ಮಾಳಪ್ಪ ಬೇಲಿಯ ಸುತ್ತ ಒಂದು ಸುತ್ತು ನಡೆದು ಲೆಕ್ಕ ಹಾಕಿದ: ಒಂಬತ್ತು ದಿನ. ಹತ್ತನೆಯ ದಿನ ಕುರಿ ಮಣ್ಣು ನೆಕ್ಕುತ್ತವೆ. ಒಂದು ಕುರಿ ಗಬ್ಬವೂ ಇತ್ತು, ದಾನಮ್ಮನದು, ದಿನ ತುಂಬಿತ್ತು.

ಮೂರನೆಯ ದಿನ ತುರ್ತುಸಭೆ ಕರೆಯಲಾಯಿತು. ಆಫೀಸು ಬೇಲಿಯೊಳಗೆ ಇದ್ದುದರಿಂದ ಸಭೆ ಹೊರಗೆ ಬೇವಿನ ಗಿಡದ ಕೆಳಗೆ ನಡೆಯಿತು. ಮತೀನನ ಲ್ಯಾಪ್‌ಟಾಪಿನ ಮೇಲೆ ಏಳು ಮುಖಗಳು ಏಳು ಚೌಕಗಳಲ್ಲಿ ಕಂಡವು. ಅವರು ಆಡಿದ್ದನ್ನು ಕನ್ನಡದಲ್ಲಿ ಹೇಳಲು ಬಾಗಲಕೋಟೆಯಿಂದ ಸುಧಾರಾಣಿ ಎಂಬ ದುಭಾಷಿ ಬಂದಿದ್ದಳು. ಅವಳು ಓದಿಕೊಂಡವಳಾದ್ದರಿಂದ ಅಧಿಕೃತ ಮಾತನ್ನು ಅಧಿಕೃತವಾಗಿಯೇ ಹೇಳುತ್ತಿದ್ದಳು.

"ಒಳಗೆ ಕುರಿಗಳು ಇವೆ ಎಂಬುದಕ್ಕೆ ಆಧಾರವೇನು ಎಂದು ಸಭೆ ಕೇಳುತ್ತಿದೆ," ಎಂದಳು.

"ಆಧಾರ? ಅಲ್ಲೇ ನಿಂತಾವಲ್ರಿ ಅಕ್ಕಾರ, ಒದರಾಕತ್ತಾವು," ಎಂದ ಮಾಳಪ್ಪ.

"ಕೆಳಗಿನಿಂದ ನೋಡಿದ್ದು ನಡೆಯುವುದಿಲ್ಲವಂತೆ. ಮೇಲಿನಿಂದ ನೋಡಬೇಕಂತೆ."

ಮೇಲಿನ ಜಂಟಿ ಕಣ್ಣನ್ನು ಹೊರಳಿಸಲು ಏಳು ಒಪ್ಪಿಗೆ ಬೇಕು. ಕುರಿಗಾಗಿ ಹೊರಳಿಸಿದರೆ ಆ ಹೊತ್ತಿಗೆ ಸಮುದ್ರದಲ್ಲಿ ಶತ್ರು ಬಂದುಬಿಟ್ಟರೆ ಎಂದು ನೀಲಿ ದೇಶ ಆಕ್ಷೇಪಿಸಿತು. ಆಗ ಪ್ರತಿಯೊಂದು ದೇಶವೂ ತನ್ನ ರಾಷ್ಟ್ರೀಯ ಕಣ್ಣಿನಿಂದ ಎಣಿಸಲಿ ಎಂದು ತೀರ್ಮಾನವಾಯಿತು. ಅರ್ಧ ತಾಸಿನಲ್ಲಿ ಎಣಿಕೆ ಮುಗಿಯಿತು. ಕೆಂಪು ದೇಶ ಅರವತ್ತು ಎಂದಿತು. ಹಳದಿ ದೇಶ ಐವತ್ತೆರಡು ಎಂದಿತು, ಅದರಲ್ಲಿ ಒಂದು ಕಲ್ಲೂ ಇರಬಹುದೆಂದಿತು. ಬಿಳಿ ದೇಶ ತನಗೆ ಕುರಿಗಳು ಕಂಡಿವೆಯೆಂದೂ, ಎಷ್ಟೆಂದು ಹೇಳಿದರೆ ತನ್ನ ಕಣ್ಣು ಎಷ್ಟು ಚುರುಕೆಂಬುದು ಉಳಿದ ಆರು ದೇಶಗಳಿಗೆ ಗೊತ್ತಾಗುವುದರಿಂದ ಹೇಳಲಾಗುವುದಿಲ್ಲವೆಂದೂ ತಿಳಿಸಿತು. ಕೂಡಲೇ ಕೆಂಪು ಮತ್ತು ಹಳದಿ ದೇಶಗಳು ತಮ್ಮ ಎಣಿಕೆಯನ್ನು ಹಿಂದಕ್ಕೆ ಪಡೆದವು. ಬೂದಿ ದೇಶ ಇನ್ನೂ ಮುನಿಸಿನಲ್ಲೇ ಇತ್ತು.

"ಅರವತ್ಮೂರು ಅದಾವ್ರಿ. ನಾ ಹೇಳ್ತೇನಲ್ಲ. ನನ್ನ ಕಣ್ಣಿಗೆ ಗುಟ್ಟೇನಿಲ್ಲ," ಎಂದ ಮಾಳಪ್ಪ.

ಸುಧಾರಾಣಿ ಅದನ್ನು ತಿಳಿಸಿದಳು. ಏಳೂ ಚೌಕಗಳಲ್ಲಿ ತಲೆಗಳು ಅಲ್ಲಾಡಿದವು. ಅರವತ್ಮೂರು ಎಂಬುದು ಹೊರಗಿನ ಮೂಲದ ಸಂಖ್ಯೆ. ರಕ್ಷಣೆಯ ವಿಷಯದಲ್ಲಿ ಹೊರಗಿನವರನ್ನು ನೆಚ್ಚಬಾರದು. ಬಹಳ ಚರ್ಚೆಯ ನಂತರ ಐವತ್ತಾರು ಎಂಬ ಸಂಖ್ಯೆಯನ್ನು ಒಪ್ಪಲಾಯಿತು, ಯಾಕೆಂದರೆ ಅದು ಏಳರಿಂದ ಭಾಗವಾಗುತ್ತದೆ. ಅರವತ್ಮೂರೂ ಭಾಗವಾಗುತ್ತದೆ ಎಂದು ಮತೀನ ಸುಧಾರಾಣಿಯ ಕಿವಿಯಲ್ಲಿ ಹೇಳಿದ. ಅವಳು ಅದನ್ನು ಅನುವಾದಿಸಲಿಲ್ಲ.

"ಉಳಿದ ಏಳು ಕುರಿ?" ಎಂದ ಮಾಳಪ್ಪ.

"ಅವು ಇಲ್ಲ."

"ಇಲ್ಲಂದ್ರ ಹೊರಗ ಬಿಡ್ರಿ ಅವನ್ನಾದ್ರೂ!"

"ಇಲ್ಲದ ಕುರಿಗಳು ಹೊರಗೆ ಬರಲು ಸಭೆಯ ಅಭ್ಯಂತರವೇನೂ ಇಲ್ಲವಂತೆ. ಆದರೆ ದ್ವಾರ ತೆರೆಯಲು ಬರುವುದಿಲ್ಲ."

ಆಮೇಲೆ ಹಸಿರು ದೇಶದ ಪ್ರತಿನಿಧಿ, ಕನ್ನಡಕದ ಹೆಣ್ಣುಮಗಳು, ಒಂದು ಪ್ರಶ್ನೆ ಕೇಳಿದಳು. ನಾಲ್ಕು ಮನೆಯ ಕುರಿಗಳನ್ನು ಒಬ್ಬನೇ ಹೇಗೆ ಕಾಯುತ್ತಾನೆ? ಇದು ಸಭೆಗೆ ತುಂಬ ಉಪಯುಕ್ತವೆಂದು ಸುಧಾರಾಣಿ ಮಾಳಪ್ಪನಿಗೆ ಒತ್ತಿ ಹೇಳಿದಳು. ಮಾಳಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

"ಕುರಿ ಅವರವರವು, ಕಿವಿ ನೋಡಿದ್ರ ತಿಳೀತೈತಿ. ದಾರಿ ಎಲ್ಲಾರ್ದೂ ಒಂದ. ಮೇವು ಒಂದ, ನೀರ ಒಂದ."

"ತೋಳ ಬಂದರೆ?"

"ನಾಯಿ ಬೊಗಳ್ತೈತ್ರಿ."

"ಯಾರ ಮನೆಯ ಕುರಿಗಾಗಿ?"

ಮಾಳಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸುಧಾರಾಣಿ ಇನ್ನೊಮ್ಮೆ ಕೇಳಿದಳು. ಅವನು ನಕ್ಕುಬಿಟ್ಟ. "ಅಕ್ಕಾರ, ನಾಯಿ ಕಿವಿ ನೋಡಿ ಬೊಗಳೂದಿಲ್ರಿ."

ಏಳೂ ಪ್ರತಿನಿಧಿಗಳು ಈ ಮಾತನ್ನು ಬರೆದುಕೊಂಡರು. ಮಾಳಪ್ಪನಿಗೆ ಕೆಲಸವಾಯಿತೆಂದೇ ಅನಿಸಿತು. ಬಳಿಕ ಕಪ್ಪು ದೇಶದವನು ಗಂಟಲು ಸರಿಮಾಡಿಕೊಂಡು, ಆ ನಾಯಿ ಯಾರದು ಎಂದು ಕೇಳಿದ. ತನ್ನದೇ ಎಂದ ಮಾಳಪ್ಪ. ಹಾಗಾದರೆ ಉಳಿದ ನಾಲ್ಕು ಮನೆಗಳ ರಕ್ಷಣೆ ಪೂರ್ತಿಯಾಗಿ ಒಂದೇ ಮನೆಯ ನಾಯಿಯ ಮೇಲೆ ನಿಂತಿದೆ, ಇದು ಅತ್ಯಂತ ಅಪಾಯಕಾರಿ ಎಂದು ಸಭೆ ಒಮ್ಮತದಿಂದ ಕಳವಳಪಟ್ಟಿತು.

ಈ ಅಪಾಯದಿಂದ ಪಾಠ ಕಲಿತು ಐದನೆಯ ದಿನ ಪ್ರಕಟಣೆ ಹೊರಬಿತ್ತು. ಅದರ ಸಾರಾಂಶ ಹೀಗಿತ್ತು:

'ಐವತ್ತಾರು ಕುರಿಗಳನ್ನು ದೇಶಕ್ಕೆ ಎಂಟರಂತೆ ಹಂಚಲಾಗಿದೆ. ಮಾಲೀಕತ್ವ ಮೊದಲಿನವರದೇ, ನಿಯಂತ್ರಣ ಮಾತ್ರ ರಾಷ್ಟ್ರೀಯ. ಜಂಟಿ ದ್ವಾರದ ಘನತೆಗೆ ಧಕ್ಕೆಯಾಗದಂತೆ ಅದನ್ನು ಮುಚ್ಚಿಯೇ ಇಟ್ಟು, ಪ್ರತಿ ದೇಶವೂ ತನ್ನದೇ ದ್ವಾರವನ್ನು ನಿರ್ಮಿಸಿಕೊಳ್ಳತಕ್ಕದ್ದು.'

"ದ್ವಾರ ಮಾಡಾಕ ಬೇಲಿ ಕತ್ತರಸ್ಬೇಕಲ್ಲ? ನಿಯಮ ಐದು?" ಎಂದ ಮಾಳಪ್ಪ. ಅವನಿಗೂ ಈಗ ನಿಯಮಗಳು ರೂಢಿಯಾಗಿದ್ದವು.

ಮತೀನ ಅದನ್ನೂ ಓದಿದ್ದ. ಹೊರಗಿನವರು ಕತ್ತರಿಸಿದರೆ ದಾಳಿ. ದೇಶವೇ ಕತ್ತರಿಸಿದರೆ ಅದು ತನ್ನ ಮೇಲೆ ತಾನೇ ಮಾಡಿಕೊಂಡ ದಾಳಿ. ಅದಕ್ಕೆ ಉಳಿದವರ ಅನುಮತಿ ಬೇಕಿಲ್ಲ.

ಯಾವ ದೇಶದ ದ್ವಾರವೂ ಇನ್ನೊಂದು ದೇಶವನ್ನು ನೆಚ್ಚಿಕೊಂಡಿರಬಾರದೆಂಬ ಕಟ್ಟುನಿಟ್ಟಿನ ಷರತ್ತು ಇತ್ತು. ಆದ್ದರಿಂದ ಏಳು ದೇಶಗಳೂ ಪ್ರತ್ಯೇಕವಾಗಿ, ಗುಟ್ಟಾಗಿ, ಹುನಗುಂದದ ವೆಲ್ಡರ್ ಫಾರೂಕನಿಗೆ ಫೋನು ಮಾಡಿದವು. ಸುತ್ತಮುತ್ತ ಬೇಗ ಮಾಡಿಕೊಡುವವನು ಅವನೊಬ್ಬನೇ. ಫಾರೂಕ ಒಂದೇ ಅಳತೆಯ ಏಳು ಗೇಟು ಮಾಡಿ, ಏಳು ಬಣ್ಣ ಬಳಿದು, ಒಂದೇ ಟೆಂಪೋದಲ್ಲಿ ತಂದ. ದಾರಿಯಲ್ಲಿ ಬಣ್ಣ ತಾಗಿ ಬಿಳಿ ಗೇಟಿಗೆ ಸ್ವಲ್ಪ ಕೆಂಪು ಹತ್ತಿತ್ತು. ಅದನ್ನು ಒರೆಸುವವರೆಗೆ ಇಳಿಸಿಕೊಳ್ಳಲು ಬಿಳಿ ದೇಶ ಒಪ್ಪಲಿಲ್ಲ.

"ಚಾವಿ ಏಳೂ ಬ್ಯಾರೆ ಮಾಡೀಯೇನೋ?" ಎಂದು ಮತೀನ ಮೆಲ್ಲಗೆ ಕೇಳಿದ.

"ಲೇ, ಒಂದ ನಮೂನಿ ಡಜನ್ ಸಿಕ್ಕಿದ್ವು, ತಂದೇನಿ. ಯಾರಿಗೂ ಹೇಳಬ್ಯಾಡ," ಎಂದ ಫಾರೂಕ.

ಎಂಟನೆಯ ದಿನ ದಾನಮ್ಮನ ಕುರಿ ಬೇಲಿಯೊಳಗೆ ಮರಿ ಹಾಕಿತು. ಮಾಳಪ್ಪ ತಂತಿಯ ಹೊರಗೆ ಕೂತು ನಾಲಿಗೆಯಿಂದ ಸದ್ದು ಮಾಡುತ್ತಾ ಅದಕ್ಕೆ ಧೈರ್ಯ ಹೇಳಿದ. ಕಪ್ಪು ಟಗರುಮರಿ, ಹಣೆಯ ಮೇಲೆ ಬಿಳಿ ಚುಕ್ಕೆ. ಹುಲ್ಲು ಅಷ್ಟರಲ್ಲಿ ಬೇರಿನವರೆಗೆ ಬಂದಿತ್ತು.

ಒಂಬತ್ತನೆಯ ದಿನ ಹಸಿರು ದೇಶದ ದ್ವಾರ ಮೊದಲು ತಯಾರಾಯಿತು. ಪ್ರತಿನಿಧಿಗಳು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರು. ಹಸಿರು ದ್ವಾರದಿಂದ ಹಸಿರು ದೇಶದ ಎಂಟು ಕುರಿಗಳು ಮಾತ್ರ ಬರಬೇಕಿತ್ತು. ಮತೀನ ಗೇಟು ತೆಗೆದ. ಕುರಿ ಎಂಬುದು ಮುಂದಿನದರ ಹಿಂದೆ ಹೋಗುವ ಪ್ರಾಣಿ. ಇದನ್ನು ಯಾರೂ ನಿಯಮದಲ್ಲಿ ಬರೆದಿರಲಿಲ್ಲ. ಒಂದು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಧೂಳು. ಮರಿ ಹಾಕಿದ ಕುರಿಯೂ ನೂಕಾಟದಲ್ಲಿ ಹೊರಗೆ ಬಂದುಬಿಟ್ಟಿತು. ಮಾಳಪ್ಪ ಧೂಳಿನಲ್ಲಿ ನಿಂತು ಬೆನ್ನು ಮುಟ್ಟಿ ಮುಟ್ಟಿ ಎಣಿಸಿದ. ಅರವತ್ಮೂರು. ಅವನ ಕಣ್ಣಲ್ಲಿ ನೀರು ಬಂತು. ಧೂಳಿನಿಂದಲೂ ಇರಬಹುದು.

ಹಸಿರು ದ್ವಾರದಿಂದ ಎಂಟು ಕುರಿಗಳು ಬಂದವೆಂದೂ, ಉಳಿದವು ಧೂಳಿನ ಕಾರಣ ಕಾಣಲಿಲ್ಲವೆಂದೂ ಸಭೆ ದಾಖಲಿಸಿತು. ಅಷ್ಟರಲ್ಲಿ ಗೇಟು ತಾನಾಗಿಯೇ ಹಾಕಿಕೊಂಡಿತ್ತು. ಒಳಗೆ ಕಪ್ಪು ಮರಿಯೊಂದೇ ನಿಂತಿತ್ತು. ಹೊರಗೆ ಅದರ ತಾಯಿ ತಂತಿಗೆ ಮೂತಿ ಒತ್ತಿ ಒದರುತ್ತಿತ್ತು.

"ಗೇಟ ತಗೀ ಮತೀನಾ, ಮರಿ ಉಳೀತು."

"ತಡಿರಿ ಕಾಕಾ," ಎಂದಳು ಸುಧಾರಾಣಿ. ಅವಸರದಲ್ಲಿ ಅವಳೂ ಊರಿನ ಮಾತಿಗೆ ಬಂದಿದ್ದಳು. "ಇವರೇನೋ ಹೇಳಾಕತ್ತಾರ."

ಅವರು ಹೇಳಿದ್ದು ಇದು. ಹಂಚಿಕೆ ಆದದ್ದು ಐದನೆಯ ದಿನ. ಮರಿ ಹುಟ್ಟಿದ್ದು ಎಂಟನೆಯ ದಿನ, ಜಂಟಿ ಬೇಲಿಯೊಳಗೆ. ಆದ್ದರಿಂದ ಅದು ಯಾವ ಒಂದು ದೇಶದ ಪಾಲಿಗೂ ಬಂದಿಲ್ಲ. ಹದಿನೆಂಟು ವರ್ಷಗಳ ಮಾತುಕತೆಯ ನಂತರ ಏಳು ದೇಶಗಳ ನಿಜವಾದ ಜಂಟಿ ನಿಯಂತ್ರಣದಲ್ಲಿರುವ ಮೊದಲ ರಕ್ಷಣಾ ಸಾಮರ್ಥ್ಯ ಇದೇ. ಕಪ್ಪು ದೇಶದವನು ಎದ್ದು ನಿಂತ. ಬೂದಿ ದೇಶ ಮೊದಲ ಸಲ ನಕ್ಕಿತು. ಜಂಟಿಯಾದ ಮರಿ ರಾಷ್ಟ್ರೀಯ ದ್ವಾರದಿಂದ ಹೊರಗೆ ಹೋಗುವಂತಿಲ್ಲ. ಏಳು ಕೀಲಿಗಳ ಜಂಟಿ ದ್ವಾರದಿಂದಲೇ ಹೋಗಬೇಕು.

"ಹಾಲ ಇಲ್ದ ಸಾಯ್ತೈತ್ರಿ! ನಿನ್ನೆ ಹುಟ್ಟೇತಿ!" ಎಂದು ಮಾಳಪ್ಪ ಚೀರಿದ. ಪದ್ಮವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಮುಂದೆಯೇ ಬಂದಳು. "ಏನ್ರೋ ಏಳು ಮಂದಿ, ನಿಮಗ ಅವ್ವಗೋಳು ಇದ್ದಿಲ್ಲೇನು?" ಇದನ್ನು ಸುಧಾರಾಣಿ 'ಸ್ಥಳೀಯರು ಕಾಳಜಿ ವ್ಯಕ್ತಪಡಿಸಿದ್ದಾರೆ' ಎಂದು ಅನುವಾದಿಸಿದಳು.

ಹಾಲಿನ ಪೂರೈಕೆಯನ್ನು ಜಂಟಿಯಾಗಿ ಮಾಡಬೇಕೋ, ದಿನಕ್ಕೊಂದು ದೇಶದಂತೆ ಮಾಡಬೇಕೋ ಎಂಬ ಚರ್ಚೆ ಶುರುವಾಯಿತು. ಆ ಚರ್ಚೆ ನಡೆದಿರುವಾಗ ಮರಿ ತಾಯಿಯ ದನಿ ಕೇಳಿ, ಜಂಟಿ ದ್ವಾರದ ಹತ್ತಿರ ಬಂದು, ತಲೆ ತಗ್ಗಿಸಿ, ದ್ವಾರದ ಕೆಳಗಿನ ಗೇಣು ಸಂದಿಯಿಂದ ಹೊರಗೆ ಬಂತು. ಏಳು ಕೀಲಿಗಳು ಮೇಲೆ ತೂಗುತ್ತಿದ್ದವು. ಮರಿ ನೇರವಾಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಬಾಲ ಅಲ್ಲಾಡತೊಡಗಿತು.

ಲ್ಯಾಪ್‌ಟಾಪಿನ ಕ್ಯಾಮೆರಾ ಅದೇ ಕಡೆ ಇತ್ತು. ಏಳು ಜನರೂ ನೋಡಿದರು. ಮರಿ ಹೊರಗೆ ಬಂದಿದೆ ಎಂದರೆ ಅದು ಜಂಟಿ ಅಲ್ಲ. ಜಂಟಿ ಅಲ್ಲವೆಂದರೆ ಹದಿನೆಂಟು ವರ್ಷದಲ್ಲಿ ಏನೂ ಆಗಿಲ್ಲ. ಇದು ಎಲ್ಲರಿಗೂ ಏಕಕಾಲಕ್ಕೆ ಹೊಳೆದಿರಬೇಕು. ಹಸಿರು ದೇಶದವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳದೆ ಮಾತಾಡಿದಳು.

"ಮರಿ ಒಳಗಿದೆ ಎಂಬುದನ್ನು ಸಭೆ ದೃಢಪಡಿಸುತ್ತದೆ," ಎಂದು ಸುಧಾರಾಣಿ ಅನುವಾದಿಸಿದಳು.

ಏಳೂ ದೇಶಗಳು ಕೈ ಎತ್ತಿದವು. ಆದರೆ ಪ್ರತಿ ತಿಂಗಳು ಕುರುಬನ ಸಹಿ ಬೇಕೆಂದು ನಿರ್ಣಯದಲ್ಲಿ ಸೇರಿಸಲಾಯಿತು, ಯಾಕೆಂದರೆ ಕುರಿಗಳ ವಿಷಯದಲ್ಲಿ ಆತ ಎಂದೂ ಸುಳ್ಳು ಹೇಳಿಲ್ಲವೆಂದು ಮತೀನನ ವರದಿಯಲ್ಲಿತ್ತು.

ಮಾಳಪ್ಪ ಪೆನ್ನು ಹಿಡಿದು ಬಹಳ ಹೊತ್ತು ನಿಂತ. "ಹೊರಗಿದ್ದ ಕುರಿ ಒಳಗೈತಿ ಅಂತ ಹೆಂಗ ಬರೀಲಿ?"

"ಬರೀಲಿಲ್ಲಂದ್ರ ಖರೇನ ಒಳಗ ಹಾಕ್ಬೇಕಾಗ್ತೈತ್ರಿ ಕಾಕಾ," ಎಂದ ಮತೀನ.

ಮಾಳಪ್ಪ ಮರಿಯನ್ನು ನೋಡಿದ. ಪದ್ಮವ್ವನನ್ನು ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅವನು ಸಹಿ ಮಾಡಿದ.

ಇದಾಗಿ ಎರಡು ವರ್ಷವಾಯಿತು. ಮರಿ ಈಗ ಸುರುಳಿ ಕೊಂಬಿನ ಭಾರಿ ಟಗರು. ಎಡಗಿವಿಯ ತುದಿ ಕತ್ತರಿಸಿದೆ, ದಾನಮ್ಮನ ಗುರುತು. ಕೆರೂರ ಸಂತೆಯಲ್ಲಿ ಅದನ್ನು ಕೇಳಿದವರು ಬಹಳ, ಆದರೆ ಒಳಗಿರುವ ಟಗರನ್ನು ಹೊರಗೆ ಮಾರಲು ಬರುವುದಿಲ್ಲವೆಂದು ದಾನಮ್ಮನೂ ಒಪ್ಪಿಕೊಂಡಿದ್ದಾಳೆ. ಯುರೋಪಿನ ಜಂಟಿ ರಕ್ಷಣೆಯ ವಾರ್ಷಿಕ ವರದಿಯಲ್ಲಿ 'ಕಾರ್ಯನಿರತ ಸಾಮರ್ಥ್ಯ: ಒಂದು' ಎಂದು ಅಚ್ಚಾಗುತ್ತದೆ. ತಿಂಗಳ ಮೊದಲ ದಿನ ಮತೀನ ಫಾರಮು ಹಿಡಿದು ಹೊಲಕ್ಕೆ ಬರುತ್ತಾನೆ. ಟಗರು ಅವನನ್ನು ಕಂಡರೆ ಹಾಯಲು ಬರುವುದರಿಂದ ಮಾಳಪ್ಪ ಎರಡೂ ಕೊಂಬು ಹಿಡಿದು ನಿಲ್ಲುತ್ತಾನೆ.

"ಕಾಕಾ, ಟಗರು ಒಳಗೈತೇನ್ರಿ?"

ಟಗರು ಎಳೆಯುತ್ತದೆ. ಮಾಳಪ್ಪ ಕಾಲೂರಿ ನಿಂತು, ಹಲ್ಲು ಕಚ್ಚಿ, ಕೊಂಬನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ.

"ಒಳಗ ಐತಪ್ಪಾ. ಏಳು ಕೀಲಿ ಅದಾವು, ಎಲ್ಲಿ ಹೋಗ್ತೈತಿ? ಲಗೂನ ಬರಕೋ, ಕೈ ಸೋಲಾಕತ್ತಾವು."